ಅಜ್ಜನ ಪದ, ಮೊಮ್ಮಗಳ ಕಿವಿ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಪುತ್ತೂರು, ಸುಳ್ಯ, ಕಡಬದ ಕಡೆ ಒಂದಲ್ಲ ಒಂದು ಸಂಜೆ ಗೆಜ್ಜೆಯ ಸದ್ದು ಅಂಗಳಕ್ಕೇ ಬರುತ್ತದೆ. ಚಿಕ್ಕಮೇಳ ಬಂತು. ಆರು ತಿಂಗಳು ಬಯಲಾಟ ಆಡಿದ ಯಕ್ಷಗಾನ ಕಲಾವಿದರಲ್ಲಿ ಕೆಲವರು ಮಳೆಗಾಲದಲ್ಲಿ ಪುಟ್ಟ ತಂಡ ಕಟ್ಟಿಕೊಂಡು ಮನೆಮನೆಗೆ ಹೋಗುವುದು ಇಲ್ಲಿನ ರೂಢಿ. ಚಾವಡಿಯಲ್ಲಿ ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ ಇಟ್ಟು ಮನೆಯವರು ಕಾದಿರುತ್ತಾರೆ. ಭಾಗವತರು ಜಾಗಟೆ ಹಿಡಿದು ಪದ ಎತ್ತುತ್ತಲೇ ಒಳಕೋಣೆಯಲ್ಲಿ ಮಲಗಿದ್ದ ಅಜ್ಜ ಎದ್ದು ಬಂದು ಕಂಬಕ್ಕೊರಗಿ ಕೂರುತ್ತಾರೆ. ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಮೊಮ್ಮಗಳು ತಿರುಗಿ ನೋಡುತ್ತಾಳೆ: “ಅಜ್ಜ, ಈ ಪದ ನಿಮಗೆ ಗೊತ್ತುಂಟಾ?”

ಹತ್ತು ಹದಿನೈದು ನಿಮಿಷದ ಆಟ ಮುಗಿದು ತಂಡ ಪಕ್ಕದ ಮನೆಗೆ ಹೋಗುತ್ತದೆ. ಅಜ್ಜನ ಮಾತು ಮಾತ್ರ ಆಗ ಶುರುವಾಗುತ್ತದೆ.

ಹಳೆಯ ಹಾಡು ಹೀಗೆ ಬಾಯಿ ಬಿಡಿಸುವುದಕ್ಕೆ ಕಾರಣವಿದೆ. ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಉಳಿದೆಲ್ಲ ಕಾಲದವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎನ್ನುವುದು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡುಕೊಂಡ ಸಂಗತಿ. ಮೊದಲ ಸಂಬಳ, ಮೊದಲ ಪ್ರೀತಿ, ಮೊದಲ ಸಲ ಮನೆ ಬಿಟ್ಟ ದಿನ, ಎಲ್ಲವೂ ಆ ಅವಧಿಯವು. ಆಗ ಕೇಳಿದ ಹಾಡು ಅವುಗಳಿಗೆ ಅಂಟಿಕೊಂಡಿರುತ್ತದೆ. ಹಾಡನ್ನು ಎತ್ತಿದರೆ ಅವೂ ಎದ್ದು ಬರುತ್ತವೆ.

ಇದಕ್ಕಿಂತ ಅಚ್ಚರಿಯ ಮಾತು 2013ರಲ್ಲಿ ಹೊರಬಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರೊಲ್ ಕ್ರುಮ್‌ಹಾನ್ಸೆಲ್ ಮತ್ತು ಅವರ ಸಂಗಡಿಗ ಜಸ್ಟಿನ್ ಜುಪ್ನಿಕ್, ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳನ್ನು ಅವರು ಮೆಚ್ಚಿದ್ದು ಸಹಜ. ಆದರೆ 1980ರ ದಶಕದ ಆರಂಭದ ಹಾಡುಗಳೂ ಅವರಲ್ಲಿ ನೆನಪು ಮೀಟಿದವು. ಅವರು ಹುಟ್ಟುವ ಮೊದಲಿನ, ಅಪ್ಪ ಅಮ್ಮನ ಹರೆಯದ ಹಾಡುಗಳವು. 1960ರ ದಶಕದ ಹಾಡುಗಳಲ್ಲೂ ಅಂಥದೇ ಇನ್ನೊಂದು ಏರು ಕಂಡಿತು. ಅಂದರೆ ಮನೆಯಲ್ಲಿ ದೊಡ್ಡವರು ಹಾಕಿದ ಹಾಡು, ಮಕ್ಕಳ ಕಿವಿಗೆ ಬಿದ್ದು ಅವರದೂ ಆಗಿಬಿಡುತ್ತದೆ.

ಈ ಮೂರು ತಾಲೂಕುಗಳಲ್ಲಿ ಅಂಥ ಕಿವಿ ಬಹಳ ಕಾಲ ಬೆಳೆದದ್ದು ಅಡಕೆ ಸುಲಿಯುವ ರಾತ್ರಿಗಳಲ್ಲಿ. ಗೋಣಿ ಹಾಸಿ, ಕತ್ತಿಯ ಮುಂದೆ ಕೂತರೆ ಕೈಗೆ ಕೆಲಸ, ಕಿವಿಗೆ ಬಿಡುವು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅಡಕೆ ರಾಶಿಯ ಪಕ್ಕದಲ್ಲಿ ರೇಡಿಯೋಕ್ಕೂ ಒಂದು ಜಾಗ ಸಿಕ್ಕಿತು. ತಾಳಮದ್ದಳೆ ಬಂದ ರಾತ್ರಿ ಸುಲಿಯುವ ಕೈ ತುಸು ನಿಧಾನವಾಗುತ್ತಿತ್ತು. ಆಮೇಲೆ ಕ್ಯಾಸೆಟ್ ಬಂತು. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯನ್ನು ಧ್ವನಿಸುರುಳಿಯಲ್ಲಿ ಮನೆಗೆ ತಂದಿತು. ಪುತ್ತೂರು ನರಸಿಂಹ ನಾಯಕರ ದಾಸರಪದಗಳು ಈ ಊರಿನ ಹೆಸರನ್ನೇ ಹೊತ್ತುಕೊಂಡು ನಾಡೆಲ್ಲ ತಿರುಗಿದವು. ಪಾಡ್ದನ, ಸೋಬಾನೆಗೆ ಮಾತ್ರ ಯಾವ ಯಂತ್ರವೂ ಬೇಕಿರಲಿಲ್ಲ. ನೇಜಿ ನೆಡುವ ಗದ್ದೆ, ಮದುವೆಯ ಚಪ್ಪರ ಸಾಕಿತ್ತು.

ಭಾಗವತಿಕೆಯೂ ಇಲ್ಲಿ ಮನೆಯೊಳಗಿನಿಂದಲೇ ಹರಿದದ್ದು. ಅಜ್ಜ ಬಲಿಪ ನಾರಾಯಣ ಭಾಗವತರ ಶೈಲಿಯನ್ನು ಅದೇ ಹೆಸರಿನ ಮೊಮ್ಮಗ 2023ರಲ್ಲಿ ತೀರಿಕೊಳ್ಳುವವರೆಗೂ ಬಿಟ್ಟುಕೊಡಲಿಲ್ಲ. ಅವರ ಮಕ್ಕಳೂ ಅದನ್ನೇ ಹಿಡಿದರು. ಸುರತ್ಕಲ್ ಮೇಳದಲ್ಲಿ ಮೆರೆದ ಪದ್ಯಾಣ ಗಣಪತಿ ಭಟ್ಟರು ಸುಳ್ಯ ತಾಲೂಕಿನ ಕಲ್ಮಡ್ಕದವರು. ಕರ್ನಾಟಕ ಸಂಗೀತ ಕಲಿತಿದ್ದ ಮಧೂರಿನ ಲೀಲಾವತಿ ಬೈಪಾಡಿತ್ತಾಯರು ಮದುವೆಯಾದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ಪದ ಕಲಿತು, ತೆಂಕುತಿಟ್ಟಿನ ಮೊದಲ ವೃತ್ತಿಪರ ಭಾಗವತಿಯಾದರು. ಗಂಡನ ಮನೆಯಲ್ಲಿ ಕಲಿತ ಹಾಡು ಒಬ್ಬ ಹೆಣ್ಣುಮಗಳನ್ನು ಇಡೀ ರಾತ್ರಿಯ ರಂಗಸ್ಥಳಕ್ಕೆ ಏರಿಸಿತು ಎನ್ನುವುದು ಈ ನೆಲದ ದೊಡ್ಡ ಹೆಮ್ಮೆ.

ಈಗ ಮನೆಯಲ್ಲಿ ಹಾಡಿಗೆ ಬರವಿಲ್ಲ. ಆದರೆ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಇಯರ್‌ಫೋನ್. ಅಮ್ಮ ಏನು ಕೇಳುತ್ತಿದ್ದಾಳೆಂದು ಮಗನಿಗೆ ಗೊತ್ತಿಲ್ಲ, ಮಗನದು ಅಮ್ಮನಿಗೆ ಗೊತ್ತಿಲ್ಲ. ಕಳೆದುಹೋಗುತ್ತಿರುವುದು ಹಾಡಲ್ಲ, ಒಂದೇ ಹಾಡನ್ನು ಮೂರು ತಲೆಮಾರು ಒಟ್ಟಿಗೆ ಕೇಳುವ ಹೊತ್ತು.

ಆ ಹೊತ್ತನ್ನು ಮರಳಿ ತರಲು ದುಡ್ಡೇನೂ ಬೇಡ. ತೋಟದಿಂದ ಬಂದು, ಹಂಡೆಯ ಬಿಸಿನೀರಿನಲ್ಲಿ ಮಿಂದು, ಜೀರಿಗೆ ಕಷಾಯದ ಲೋಟ ಹಿಡಿದು ಜಗಲಿಯಲ್ಲಿ ಕೂತವರ ನಡುವೆ ಒಂದು ಸ್ಪೀಕರ್ ಇಟ್ಟರೆ ಸಾಕು. ಇವತ್ತು ಅಜ್ಜಿ ಹೇಳಿದ ಹಾಡು, ನಾಳೆ ಮೊಮ್ಮಗಳದು. ಗೊತ್ತಿದ್ದರೆ ಗುನುಗಬೇಕು; ಗುನುಗುವಾಗ ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಬಿಡುತ್ತೇವೆ, ಎದೆಬಡಿತವೂ ಅದರ ಜೊತೆ ಇಳಿಯುತ್ತದೆ. ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯುವಂಥದ್ದು. 24 ಮಂದಿಗೆ ಬೇರೆ ಬೇರೆ ಸಂಗೀತ ಕೇಳಿಸಿದರು, ಅದರಲ್ಲಿ ನಮ್ಮ ರಾಗಸಂಗೀತವೂ ಇತ್ತು. ವೇಗದ ಲಯಕ್ಕೆ ಉಸಿರು, ನಾಡಿ, ರಕ್ತದೊತ್ತಡ ಏರಿದವು. ಆದರೆ ದೇಹ ಎಲ್ಲಕ್ಕಿಂತ ಹೆಚ್ಚು ಸಡಿಲಗೊಂಡದ್ದು ಹಾಡುಗಳ ನಡುವೆ ಬಿಟ್ಟ ಎರಡು ನಿಮಿಷದ ಮೌನದಲ್ಲಿ! ಒಂದು ಹಾಡು ಮುಗಿದ ಕೂಡಲೇ ಇನ್ನೊಂದಕ್ಕೆ ಬೆರಳು ಒತ್ತುವ ಅಭ್ಯಾಸದಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ.

ಇನ್ನೊಂದು ಕೆಲಸ ಬಾಕಿ ಇದೆ, ಅದಕ್ಕೆ ಅವಸರವೂ ಇದೆ. ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟುಗಳ ಟೇಪಿಗೆ ಈ ಸೀಮೆಯ ತೇವ ಬೂಷ್ಟು ಹಿಡಿಸುತ್ತದೆ. ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕದೆ, ಬಲ್ಲವರಿಂದ ಶುಚಿ ಮಾಡಿಸಿ ಫೋನಿಗೆ ಇಳಿಸಿಕೊಳ್ಳಬೇಕು. ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ ಹಾಡುಗಳಿಗೆ ಅದೂ ಬೇಡ. ಅಜ್ಜಿ ಅಕ್ಕಿ ಆರಿಸುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುವ ಪಾಡ್ದನದ ನಾಲ್ಕು ಸಾಲು, ನಡುವೆ ಮರೆತು ನಿಂತದ್ದು, ಮೊರದ ಸದ್ದು, ಹೊರಗಿನ ಮಳೆ: ಕೇಳಿ ಒಪ್ಪಿಗೆ ಪಡೆದು ಪಕ್ಕದಲ್ಲಿ ಫೋನ್ ಇಟ್ಟರೆ ಅದು ಅಷ್ಟನ್ನೂ ಹಿಡಿದುಕೊಳ್ಳುತ್ತದೆ.