ಮಠದ ಬಿಯರಿಗೆ ಅಂಕ, ಹಳ್ಳದ ಶಿಂದಿಗೆ ಹೊತ್ತು

ಹಳೆಯ ಈಚಲು ಗಿಡ ತನ್ನ ದುಡಿಮೆಯ ಲೆಕ್ಕವನ್ನು ಮೈಮೇಲೆಯೇ ಬರೆದುಕೊಂಡಿರುತ್ತದೆ. ಶಿಂದಿ ಇಳಿಸುವವರು ಈ ವರ್ಷ ಸುಳಿಯ ಕೆಳಗೆ ಒಂದು ಪಕ್ಕ ಕೆತ್ತಿದರೆ, ಮರುವರ್ಷ ಅದರ ಮೇಲೆ ಎದುರು ಪಕ್ಕ ಕೆತ್ತುತ್ತಾರೆ. ಹಾಗಾಗಿ ಕಾಂಡ ಅಂಕುಡೊಂಕಾಗಿ ಮೇಲೇರುತ್ತದೆ. ಗಾಯಗಳನ್ನು ಎಣಿಸಿದರೆ ಗಿಡ ಎಷ್ಟು ಹಂಗಾಮು ರಸ ಕೊಟ್ಟಿದೆ ಎಂಬುದು ಗೊತ್ತಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳದ ದಂಡೆಗಳಿಗೆ ಈ ಗಿಡ ಹೊಸದಲ್ಲ. ಪೊರಕೆಗೆ, ಚಾಪೆಗೆ ಗರಿ ಕೊಟ್ಟಿದ್ದೂ ಇದೇ, ಮನೆ ಮುರಿದ ಕಳಂಕ ಹೊತ್ತಿದ್ದೂ ಇದೇ. ಈಚಲು ಮರದ ಕೆಳಗೆ ಕೂತು ಹಾಲು ಕುಡಿದರೂ ಹೆಂಡ ಅನ್ನುವ ಗಾದೆ ಕನ್ನಡದ ಮನೆಮನೆಗೂ ಗೊತ್ತು.

ಬೆಲ್ಜಿಯಂನಲ್ಲಿ ಇದಕ್ಕೆ ತೀರ ತಿರುಗುಮುರುಗಾದ ಒಂದು ಕಥೆ ನಡೆದಿದೆ. ಅಲ್ಲಿ ಮಠದ ಹೆಸರು ಹೊತ್ತ ಕಡು ಬಿಯರನ್ನು ಜನ ಗೌರವದಿಂದ ಮೂಸಿ, ಗುಟುಕು ಗುಟುಕಾಗಿ ಚಪ್ಪರಿಸಿ, ಅಂಕ ಕೊಡುತ್ತಾರೆ. ಬೆಂಗಳೂರಿನಲ್ಲಿ 2010ರ ಆಚೀಚೆ ಕಿರು ಬ್ರೂವರಿಗಳು ಬಾಗಿಲು ತೆರೆದ ಮೇಲೆ ಆ ರೂಢಿ ಕರ್ನಾಟಕಕ್ಕೂ ಬಂತು. ಅಂಕ ಕೊಡುವುದಕ್ಕೆ ಹೆಚ್ಚಿನವರು ಅನುಸರಿಸುವುದು 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆಯೊಂದು ರೂಪಿಸಿದ 50 ಅಂಕಗಳ ಹಾಳೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಹದಕ್ಕೆ 5, ಒಟ್ಟು ಅನಿಸಿಕೆಗೆ 10. ಬಣ್ಣ, ನೊರೆ, ತಿಳಿ ಎಲ್ಲ ಸೇರಿ ನೋಟಕ್ಕೆ ಬರೀ ಮೂರು, ಮೂಗಿಗೆ ಹನ್ನೆರಡು. ಕುಡಿಯುವುದೆಂದರೆ ಅರ್ಧಪಾಲು ಮೂಸುವುದು ಎಂದು ಬಲ್ಲವರು ಮಾಡಿದ ಹಂಚಿಕೆ ಇದು.

ಮಠದ ಶೈಲಿಯ ಕಪ್ಪು ಬಿಯರನ್ನು ಮಂಜುಗಡ್ಡೆಯಂತೆ ತಣ್ಣಗೆ ಮಾಡಿ ಕುಡಿದರೆ ಅದರ ಗುಣ ಸಿಗುವುದಿಲ್ಲ. ಹತ್ತರಿಂದ ಹದಿನಾಲ್ಕು ಡಿಗ್ರಿಯ ತಂಪು ಸಾಕು. ಅಗಲ ಬಾಯಿಯ ಗಾಜಿನ ಬಟ್ಟಲಿಗೆ ಮೆಲ್ಲಗೆ ಬಗ್ಗಿಸಬೇಕು, ಸೀಸೆಯ ತಳದ ಗಸಿಯನ್ನು ಅಲ್ಲೇ ಬಿಡಬೇಕು. ದಟ್ಟ ನೊರೆ ಏಳುತ್ತದೆ. ಮೂಗು ಹತ್ತಿರ ಒಯ್ದರೆ ಒಣದ್ರಾಕ್ಷಿ, ಅಂಜೂರ, ಕಂದಿದ ಸಕ್ಕರೆ. ಅದರ ಹಿಂದೆಯೇ ಲವಂಗ, ಮೆಣಸು, ಕೆಲವೊಮ್ಮೆ ಕಳಿತ ಬಾಳೆಹಣ್ಣು. ಈ ಹಣ್ಣು, ಮಸಾಲೆಗಳನ್ನು ಸಾಮಾನ್ಯವಾಗಿ ಪಾತ್ರೆಗೆ ಹಾಕಿರುವುದಿಲ್ಲ. ಬಾಳೆಹಣ್ಣಿನ ಮತ್ತು ಮಸಾಲೆಯ ಆ ವಾಸನೆಗಳು ಬೆಚ್ಚಗೆ ಹುದುಗುವ ಯೀಸ್ಟಿನ ಕೆಲಸ. ಬಾಳೆಹಣ್ಣಿನ ವಾಸನೆ ತರುವ ಐಸೊಅಮೈಲ್ ಅಸಿಟೇಟ್ ನಿಜವಾದ ಬಾಳೆಹಣ್ಣಿನಲ್ಲೂ ಇರುವ ಪದಾರ್ಥವೇ. ಮದ್ಯಾಂಶ ಎಂಟೋ ಒಂಬತ್ತೋ ಇದ್ದರೂ ಗಂಟಲು ಸುಡಬಾರದು, ಕೊನೆಯ ಗುಟುಕು ಜಿಗುಟು ಸಿಹಿಯಾಗಿರದೆ ಒಣಗಿರಬೇಕು. ಬಲ ಇದೆ ಎಂದು ನಾಲಿಗೆಗೆ ತಡವಾಗಿ ತಿಳಿದಷ್ಟೂ ಅಂಕ ಹೆಚ್ಚು.

ಆ ಒಣ ಮುಕ್ತಾಯದ ಗುಟ್ಟು ಸಕ್ಕರೆ. ಬಾರ್ಲಿಯ ಮೊಳಕೆಯೊಂದರಿಂದಲೇ ಅಷ್ಟು ಬಲ ತಂದರೆ ಬಿಯರು ಗಂಜಿಯಷ್ಟು ಭಾರವಾಗುತ್ತದೆ. ಅದಕ್ಕೆ ಅವರು ಒಂದು ಪಾಲು ‘ಕ್ಯಾಂಡಿ’ ಸಕ್ಕರೆ ಹಾಕುತ್ತಾರೆ. ಯೀಸ್ಟು ಅದನ್ನು ಚೂರೂ ಬಿಡದೆ ಉಣ್ಣುತ್ತದೆ. ಬಲ ಏರುತ್ತದೆ, ಮೈ ಹಗುರಾಗುತ್ತದೆ. ಕ್ಯಾಂಡಿ ಎಂಬ ಪದದ ಬೇರು ಸಂಸ್ಕೃತದ ‘ಖಂಡ’. ಪಾರಸಿ, ಅರಬಿ ದಾಟಿ ಯುರೋಪಿಗೆ ಹೋದ ಮಾತು ಅದು. ನಮ್ಮ ಜಾತ್ರೆಯ ಕಲ್ಲುಸಕ್ಕರೆಯ ದೂರದ ನೆಂಟ ಬೆಲ್ಜಿಯಂನ ಮಠದ ಹಂಡೆಯಲ್ಲಿ ಕೂತಿದ್ದಾನೆ.

ಇದೆಲ್ಲ ಮಧ್ಯಯುಗದಿಂದ ಹಾಗೇ ನಡೆದು ಬಂದದ್ದೆಂಬ ನಂಬಿಕೆ ಮಾತ್ರ ಸರಿಯಲ್ಲ. ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಆ ನಾಡಿನ ಮಠಗಳು ಮುಚ್ಚಿಹೋಗಿದ್ದವು. 1794ರಲ್ಲಿ ನೆಲೆಗೊಂಡ ವೆಸ್ಟ್‌ಮಾಲೆ ಮಠದ ಸನ್ಯಾಸಿಗಳು ಮೊದಲು ಬಿಯರ್ ಕಾಯಿಸಿದ್ದು 1836ರಲ್ಲಿ, ಕಡುಕಪ್ಪಿನ ಬಲವಾದ ಬಿಯರಿಗೆ ಕೈಹಾಕಿದ್ದು 1856ರಲ್ಲಿ. ತಾವು ಊಟದ ಜೊತೆ ಕುಡಿಯುತ್ತಿದ್ದುದು ತೆಳುವಾದದ್ದನ್ನು. ಬಲವಾದದ್ದಕ್ಕೆ ಪೇಟೆ ಒದಗಿಸಿದ್ದು ಒಂದು ಕಾನೂನು. 1919ರಲ್ಲಿ ನ್ಯಾಯಮಂತ್ರಿ ಎಮಿಲ್ ವಾಂಡರ್‌ವೆಲ್ಡೆ ತಂದ ಕಾಯ್ದೆ ಹೋಟೆಲು, ಕೆಫೆಗಳಲ್ಲಿ ಭಟ್ಟಿ ಸಾರಾಯಿ ಮಾರುವುದನ್ನು ನಿಷೇಧಿಸಿತು. ಕಾರ್ಮಿಕರ ಮನೆ ಉಳಿಸುವುದು ಅದರ ಆಶಯ. ಸಾರಾಯಿ ಕಳೆದುಕೊಂಡ ನಾಲಿಗೆಗಳು ಬಲವಾದ ಬಿಯರಿಗೆ ಹೊರಳಿದವು. ಒಂಬತ್ತೂವರೆ ಶೇಕಡಾ ಮದ್ಯಾಂಶದ, ಹೊಂಬಣ್ಣದ ವೆಸ್ಟ್‌ಮಾಲೆ ಟ್ರಿಪೆಲ್ ಬಂದದ್ದು 1934ರಲ್ಲಿ. ಆ ಕಾಯ್ದೆ 1983ರವರೆಗೂ ಬದುಕಿತ್ತು.

ಹೆಸರು ಬಂದಾಗ ಹೆಸರು ಕದಿಯುವವರೂ ಬಂದರು. ಸನ್ಯಾಸಿಗಳು ಕೋರ್ಟಿಗೆ ಹೋದರು. 1962ರಲ್ಲಿ ಬೆಲ್ಜಿಯಂನ ನ್ಯಾಯಾಲಯವೊಂದು ಆ ಸನ್ಯಾಸಿಗಳ ಪಂಥದ ‘ಟ್ರ್ಯಾಪಿಸ್ಟ್’ ಎಂಬ ಹೆಸರಿನ ಪರ ನಿಂತಿತು. 1997ರಲ್ಲಿ ಮಠಗಳೇ ಸಂಘ ಕಟ್ಟಿ ಮುದ್ರೆಯೊಂದನ್ನು ಮಾಡಿಕೊಂಡವು: ಮಠದ ಆವರಣದೊಳಗೇ ತಯಾರಾಗಬೇಕು, ಸನ್ಯಾಸಿಗಳ ಉಸ್ತುವಾರಿ ಇರಬೇಕು, ಖರ್ಚು ಕಳೆದು ಉಳಿದ ಹಣ ದಾನಧರ್ಮಕ್ಕೆ ಹೋಗಬೇಕು. ಹೊರಗಿನ ಕಂಪನಿಗಳು ಮಠದ ಪರವಾನಗಿ ಪಡೆದೋ ಬರೀ ಶೈಲಿ ಅನುಸರಿಸಿಯೋ ಮಾಡುವುದು ‘ಅಬ್ಬೆ’ ಬಿಯರ್. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನೇ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಯೀಸ್ಟು, ಸ್ಯಾಕರೊಮೈಸಿಸ್ ಸೆರೆವಿಸಿಯೇ, ಈಚಲ ಗಡಿಗೆಯಲ್ಲೂ ದುಡಿಯುತ್ತದೆ. ಅಲ್ಲಿ ಅದನ್ನು ಯಾರೂ ಹಾಕಬೇಕಿಲ್ಲ, ಗಾಳಿಯಿಂದ, ಗಿಡದ ಗಾಯದಿಂದ, ನಿನ್ನೆಯ ಗಡಿಗೆಯ ಅಂಚಿನಿಂದ ತಾನೇ ಬರುತ್ತದೆ. ಗಡಿಗೆಯ ಒಳಗೆ ಸುಣ್ಣ ಬಳಿದರೆ ಹುದುಗು ತಡೆದು ಸಿಹಿ ನೀರಾ ಸಿಗುತ್ತದೆ. ಬಳಿಯದಿದ್ದರೆ ಹೊತ್ತೇರಿದಂತೆ ಶಿಂದಿಯಾಗುತ್ತದೆ. ಇಲ್ಲಿ ಅಂಕದ ಹಾಳೆ ಇರಲಿಲ್ಲ, ಹೊತ್ತಿನ ಲೆಕ್ಕ ಇತ್ತು. ನಸುಕಿನಲ್ಲಿ ಇಳಿಸಿದ್ದು ಸಿಹಿ, ತಿಳಿ. ಬಿಸಿಲೇರಿದ ಮೇಲೆ ಹಾಲಿನಂತೆ ಬೆಳ್ಳಗಾಗಿ ಮೇಲೆ ನೊರೆ ಕಟ್ಟುತ್ತದೆ, ನಾಲಿಗೆಯ ತುದಿ ಚುರುಗುಟ್ಟುತ್ತದೆ. ಸಂಜೆಗೆ ಹುಳಿ ಮೇಲುಗೈ. ಮರುದಿನಕ್ಕೆ ಇಟ್ಟರೆ ವಿನಿಗರ್. ಚಳಿಗಾಲದ ರಸವೇ ಮೇಲು, ತಂಪಿನಲ್ಲಿ ಹುದುಗು ನಿಧಾನವಾಗಿ ಸಿಹಿ ಉಳಿಯುತ್ತದೆ. ಎಷ್ಟು ಹುದುಗಿದರೂ ಮದ್ಯಾಂಶ ನಾಲ್ಕೈದು ಶೇಕಡಾದ ಆಸುಪಾಸು, ವೆಸ್ಟ್‌ಮಾಲೆ ಟ್ರಿಪೆಲ್‌ನ ಅರ್ಧ. ಮಠದ ಕಪ್ಪು ಬಿಯರನ್ನು ಸೀಸೆಯಲ್ಲಿ ವರ್ಷಗಟ್ಟಲೆ ಮಾಗಿಸಬಹುದು. ಶಿಂದಿಗೆ ಒಂದೇ ದಿನದ ಆಯುಷ್ಯ. ಸೂಕ್ಷ್ಮ ನಾಲಿಗೆಗೆ ಇದು ಕಡಿಮೆ ಪರೀಕ್ಷೆಯಲ್ಲ.

ಈ ನೆಲದಲ್ಲೂ ಕುಡಿತದ ಬಗ್ಗೆ ಬರಹ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ ಅರಸನ ಊಟ, ಆಟಗಳ ಜೊತೆ ಮದಿರೆಯ ಸಂಗತಿಯನ್ನೂ ಹೇಳುತ್ತದೆ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇದ್ದಾನೆ. ಹೆಂಡ ಮಾರುವುದು ಅವನ ಕಾಯಕ, ‘ಧರ್ಮೇಶ್ವರಲಿಂಗ’ ಅವನ ಅಂಕಿತ. ಹೆಂಡದಂಗಡಿಯ ಮಾತನ್ನೇ ಅವನು ಅನುಭಾವದ ಮಾತಾಗಿಸಿದ. ಮಠಕ್ಕೂ ಮದ್ಯಕ್ಕೂ ನಂಟು ಬೆಲ್ಜಿಯಂನದೇ ಸೊತ್ತು ಎಂದುಕೊಳ್ಳುವ ಮುನ್ನ ಅವನನ್ನು ನೆನೆಯಬೇಕು.

ಮುಂದಿನ ದಾರಿ ಬೇರೆಯಾಯಿತು. ಈ ಸೀಮೆಯನ್ನಾಳಿದ ಹೈದರಾಬಾದಿನ ನಿಜಾಮನ ಆಡಳಿತಕ್ಕೆ ಸೇಂದಿ, ಅಂದರೆ ಇದೇ ಶಿಂದಿ, ಒಂದು ಅಬಕಾರಿ ಆದಾಯ. ಅದರ ಬಿಗಿಯಾದ ಗುತ್ತಿಗೆ ವ್ಯವಸ್ಥೆಯಲ್ಲಿ ಗಿಡ ಹತ್ತುವವನ ಕುಶಲತೆಗಿಂತ ಖಜಾನೆಯ ಲೆಕ್ಕ ದೊಡ್ಡದು. ಅದಕ್ಕೇ 1947–48ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಸೇಂದಿ ಗಿಡ ಕಡಿಯುವುದು ಸತ್ಯಾಗ್ರಹದ ಒಂದು ಬಗೆಯಾಯಿತು. ಕೊಡಲಿ ಬಿದ್ದದ್ದು ಗಿಡಕ್ಕೆ, ಗುರಿ ಖಜಾನೆಗೆ. ಆ ಸಿಟ್ಟು ನ್ಯಾಯವಾದದ್ದು. ಆದರೂ ತಲೆತಲಾಂತರದಿಂದ ಆ ಗಿಡವನ್ನೇ ನಂಬಿದ್ದ ಈಡಿಗರ ಮನೆಗಳಿಗೆ ಅದರ ಪೆಟ್ಟು ತಾಗದೆ ಇರಲಾರದು.

ಆಮೇಲೆ ಬಂದದ್ದು ನಿಜವಾದ ವಿಷ. ಕ್ಲೋರಲ್ ಹೈಡ್ರೇಟ್ ಒಂದು ನಿದ್ದೆಮದ್ದು. ತೆಲಂಗಾಣ ಗಡಿಯ ಆಚೆಗೂ ಈಚೆಗೂ ಜನ ಅದನ್ನು ‘ಸಿಎಚ್ ಪೌಡರ್’ ಎನ್ನುತ್ತಾರೆ. ನೀರಿಗೆ ಅದನ್ನು, ಜೊತೆಗೆ ಬಣ್ಣ, ನೊರೆ ಬರಿಸುವ ಪದಾರ್ಥ ಕಲಸಿ ಸೇಂದಿ ಎಂದು ಮಾರುವ ದಂಧೆ ರಾಯಚೂರು ಸೀಮೆಯಲ್ಲೂ ತೆಲಂಗಾಣದಲ್ಲೂ ಬೇರುಬಿಟ್ಟಿತು. ಚಟ ಹತ್ತಿದವರಿಗೆ ಒಮ್ಮೆಲೇ ಅದು ಸಿಗದಿದ್ದರೆ ನಡುಕ, ಫಿಟ್ಸು, ಬುದ್ಧಿಭ್ರಮೆ. ಕರ್ನಾಟಕ ಸರ್ಕಾರ ಕರಾವಳಿಯನ್ನು ಬಿಟ್ಟು ಒಳನಾಡಿನಲ್ಲಿ ಸೇಂದಿ ಇಳಿಸುವುದನ್ನೇ ನಿಲ್ಲಿಸಿತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಬೆಲ್ಜಿಯಂನಲ್ಲಿ ಭಟ್ಟಿಯ ನಿಷೇಧ ಹುದುಗಿನ ಪಾನೀಯವನ್ನು ಬೆಳೆಸಿತು. ಇಲ್ಲಿ ಹುದುಗಿನದ್ದು ಹೋಗಿ, ಭಟ್ಟಿಯದ್ದೇ ಬೇರೆ ಹೆಸರಿನಲ್ಲಿ 90 ಎಂಎಲ್ ಪೊಟ್ಟಣವಾಗಿ ಬಂತು. ಕಲಬೆರಕೆಗೆ ಸಿಟ್ಟಾಗುವವರು ಈ ತಿರುವಿಗೂ ಸಿಟ್ಟಾಗಬೇಕು. ಕಳ್ಳನನ್ನು ಹಿಡಿಯುವ ಬದಲು ಹೆಸರನ್ನೇ ಅಳಿಸಿದಂತಾಯಿತು. ವೆಸ್ಟ್‌ಮಾಲೆಗೆ ಸಿಕ್ಕ ಕೋರ್ಟು, ಮುದ್ರೆ, ಸಂಘ ಹಳ್ಳದ ದಂಡೆಯ ಗಡಿಗೆಗೆ ಸಿಗಲಿಲ್ಲ. ಕಲ್ಯಾಣ ಕರ್ನಾಟಕದ ಈಡಿಗರು ಸೇಂದಿ ಇಳಿಸಲು ಮತ್ತೆ ಅನುಮತಿ ಕೊಡಿ ಎಂದು ಕೇಳುತ್ತಲೇ ಇದ್ದಾರೆ.

ಮಠದ ಬಿಯರಿಗೂ ಇಲ್ಲಿ ಪೂರ್ತಿ ಬಾಗಿಲು ತೆರೆದಿಲ್ಲ. 2018ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಬಿಯರಿನ ಮದ್ಯಾಂಶ ಶೇಕಡಾ 8 ದಾಟುವಂತಿಲ್ಲ. ಆರೇಳು ಶೇಕಡಾದ ಕಪ್ಪು ಬಿಯರ್ ‘ಡುಬ್ಬೆಲ್’ ಒಳಗೆ ಬರುತ್ತದೆ, ಒಂಬತ್ತೂವರೆಯ ಟ್ರಿಪೆಲ್ ಹೊಸ್ತಿಲಲ್ಲೇ ನಿಲ್ಲುತ್ತದೆ. ಯಾದಗಿರಿಯ ವೈನ್‌ಶಾಪಿನಲ್ಲಿ ‘ಸ್ಟ್ರಾಂಗ್’ ಎಂದು ಕೇಳಿದರೆ ಸಿಗುವುದು ಹಿಮದಷ್ಟು ತಣ್ಣಗಿನ ಲಾಗರ್. ಅದನ್ನು ಮೂಸುವವರು ಯಾರೂ ಇಲ್ಲ.

ಶಿಂದಿ ಇಳಿಸುವುದು ನಿಂತ ಈಚಲು ಗಿಡದಲ್ಲಿ ಕೆಳಗಿನ ಅರ್ಧ ಅಂಕುಡೊಂಕು. ಕೊನೆಯ ಗಾಯದಿಂದ ಮೇಲಕ್ಕೆ ಕಾಂಡ ನೆಟ್ಟಗೆ ಬೆಳೆದಿರುತ್ತದೆ.