ಹಳೆಯ ಕಾರಿನ ಮೀಟರ್ ನಿಂತಾಗ

ಹಳೆಯ ಕಾರಿನ ಸ್ಪೀಡೋಮೀಟರಿಗೆ ಬ್ಯಾಟರಿ ಬೇಡ, ಚಕ್ರದ ಓಟವೇ ಅದನ್ನು ನಡೆಸುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಹಳೆಯ ಗಾಡಿಗಳು, ಎಲ್ಲದರಲ್ಲೂ ಏರ್ಪಾಡು ಒಂದೇ. ಗೇರ್‌ಬಾಕ್ಸಿನ ಪುಟ್ಟ ಹಲ್ಲುಚಕ್ರದಿಂದ ಹೊರಟ ಕೇಬಲ್ ಡ್ಯಾಶ್‌ಬೋರ್ಡಿನ ಹಿಂಬದಿಗೆ ಬಂದು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಕವುಚಿದಂತೆ, ಆದರೆ ತಾಗದಂತೆ, ಅಲ್ಯೂಮಿನಿಯಂ ಬಟ್ಟಲೊಂದಿದೆ. ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದನ್ನು ತನ್ನೊಡನೆ ಸೆಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೋ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇಷ್ಟು ಕಾಲ ಬಾಳಿದ್ದು ನಿಜಕ್ಕೂ ಸೋಜಿಗ.

ಶಿಕಾರಿಪುರ, ಸೊರಬದ ಕಡೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ. ಎರಡೂ ಕೇಬಲ್ಲಿಗೆ ಶತ್ರು. ಹಾಗಾಗಿ ಮುಳ್ಳು ನಿಂತ ಕೂಡಲೇ ಮೀಟರ್ ಕೊಳ್ಳಲು ಹೊರಡುವುದು ತಪ್ಪು. ಮುಳ್ಳು, ಕಿಲೋಮೀಟರ್ ಅಂಕಿ ಎರಡೂ ನಿಂತಿದ್ದರೆ ಹೆಚ್ಚಾಗಿ ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಗೇರ್‌ಬಾಕ್ಸಿನ ಹಲ್ಲು ಸವೆದಿರುತ್ತದೆ. ಮುಳ್ಳು ನಡುಗುತ್ತ ಕಿರುಗುಟ್ಟಿದರೆ ಕೇಬಲ್ ಒಣಗಿದೆ. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಮಲಗಿದ್ದರೆ ಆಗ ದೋಷ ಮೀಟರಿನದೇ.

ಪರೀಕ್ಷೆ ಸುಲಭ. ಕೇಬಲ್ಲಿನ ಮೇಲ್ತುದಿ ಬಿಚ್ಚಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ನಿಧಾನಕ್ಕೆ ತಳ್ಳಿದರೆ ಒಳತಂತಿ ತಿರುಗಬೇಕು. ತಿರುಗದಿದ್ದರೆ ತಂತಿಯನ್ನು ಹೊರಗೆಳೆದು ನೋಡಬೇಕು: ಚೌಕನೆಯ ತುದಿ ಸವೆದು ಉರುಟಾಗಿರುತ್ತದೆ, ಇಲ್ಲವೇ ನಡುವೆ ಎಳೆಗಳು ಬಿಚ್ಚಿ ಹುರಿ ಕಿತ್ತ ಹಗ್ಗದಂತೆ ಕೆದರಿರುತ್ತವೆ. ಹೊಸ ತಂತಿಗೆ ಗ್ರೀಸನ್ನು ತೆಳ್ಳಗೆ ಸವರಿ, ಮೇಲಿನ ನಾಲ್ಕು ಬೆರಳಷ್ಟು ಭಾಗವನ್ನು ಒಣದಾಗಿಯೇ ಬಿಡಬೇಕು. ಗ್ರೀಸು ಮೇಲೇರಿ ಬಟ್ಟಲಿಗೆ ಮೆತ್ತಿಕೊಂಡರೆ ಚೆನ್ನಾಗಿದ್ದ ಮೀಟರೂ ಹಾಳು. ಕೇಬಲ್ ಎಲ್ಲೂ ಮೊಣಕೈಯಂತೆ ಮಡಿಯಬಾರದು.

ಮೀಟರನ್ನೇ ಬದಲಿಸುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಆಮೇಲೆ ಫ್ರೇಮಿನ ಸ್ಕ್ರೂ ಕಳಚಿ, ಹಿಂದಿನಿಂದ ಕೇಬಲ್ ಬಿಡಿಸಿ, ಬಲ್ಬು ಮತ್ತು ವೈರುಗಳ ಜಾಗ ಗುರುತಿಟ್ಟುಕೊಂಡು ಮೀಟರನ್ನು ಈಚೆ ತೆಗೆಯಬೇಕು. ಹೊಸದು ಸಿಗದ ಮಾಡೆಲ್‌ಗಳಿಗೆ ಗುಜರಿಯೇ ಗತಿ. ಅಲ್ಲಿ ಅದೇ ಮಾಡೆಲ್ಲಿನದನ್ನೇ ಆರಿಸಬೇಕು. ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆಯಾಗಬಹುದು. ಬೇರೆ ಗಾಡಿಯ ಮೀಟರ್ ಕೂರಿಸಿದರೆ ವೇಗವೂ ತಪ್ಪು, ದೂರವೂ ತಪ್ಪು.

ಹಳೆಯ ಮೀಟರಿನ ಅಂಕಿ, ಹೊಸದರ ಅಂಕಿ, ಬದಲಿಸಿದ ತಾರೀಖು ಮೂರನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಅಗತ್ಯ. ಕಾರು ಮಾರುವ ದಿನ ಆ ಚೀಟಿಯನ್ನು ಕೊಳ್ಳುವವರ ಕೈಗಿಡುವುದೇ ಮರ್ಯಾದೆ.

ಕೊನೆಗೆ ತಾಳೆ ನೋಡಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮೀಟರಿಗೆ ಶೇ. 10ರಷ್ಟು ಹೆಚ್ಚುಕಡಿಮೆಯನ್ನು ಮಾತ್ರ ಒಪ್ಪುತ್ತವೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ, ಖಾಲಿ ರಸ್ತೆಯಲ್ಲಿ ಮುಳ್ಳನ್ನು 60ರಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಕೂತವರು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಗಡಿಯಾರ ಹಿಡಿದರೆ ಸಾಕು. 55ರಿಂದ 66 ಸೆಕೆಂಡಿನೊಳಗೆ ಕಲ್ಲು ಬಂದರೆ ಮೀಟರ್ ಸರಿಯಿದೆ.