ಹರಗೋಲೂ ಹತ್ತು ಮನೆಗಳೂ

ಮಲ್ಲತ್ತಹಳ್ಳಿಯ ಕೆರೆಯ ದಡದಲ್ಲಿರುವವರು ಜಲವಿಹಾರದ ಉದ್ಯಮವನ್ನು ಕುರಿತು ಬರೆಯಹೊರಟರೆ ಕರಾವಳಿಯ ಗೆಳೆಯರು ನಕ್ಕಾರು. ನಗಲಿ. ಕಡಲಿಲ್ಲದ ಸೀಮೆಗೂ ತನ್ನದೇ ಆದ ದೋಣಿಯುಂಟು. ಅದು ತುಂಗಭದ್ರೆಯ ಹರಗೋಲು. ಸಣ್ಣ ಬಂಡವಾಳದವರು ಕೂಡಿಕೊಂಡು, ನೀರಿಗೂ ನೆಲಕ್ಕೂ ಕೇಡಾಗದಂತೆ, ಪ್ರವಾಸಿಗಳಿಗೆ ಒಂದು ವಿಹಾರವನ್ನು ಹೇಗೆ ರೂಪಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಕ್ರಿ. ಶ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಜನರು ಆನೆಗೊಂದಿಗೆ ದಾಟುತ್ತಿದ್ದ ಈ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನರನ್ನು ಹೊರಬಲ್ಲವು. ನೆಟ್ಟಗೆ ಹೋಗಲರಿಯದೆ ಸುತ್ತುತ್ತಲೇ ಸಾಗುವುವು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಸುತ್ತುವುದು ಮಾತ್ರ ನಿಂತಿಲ್ಲ. ಸಂತೆಗೆ ಹೊರಟವನಿಗೆ ಬೇಸರ ತರುವ ಆ ಸುತ್ತಾಟವೇ ಪ್ರವಾಸಿಗೆ ಮೋಜು! ಯಂತ್ರವಿಲ್ಲ, ಎಣ್ಣೆಯಿಲ್ಲ, ದಡದ ಹಕ್ಕಿಯನ್ನು ಬೆದರಿಸುವ ಸದ್ದೂ ಇಲ್ಲ.

ಆದರೆ ಹರಗೋಲೊಂದೇ ಪ್ರವಾಸವಾಗದು. ಬಿದಿರು ಹೆಣೆಯುವವನು ಒಬ್ಬ, ಹುಟ್ಟು ಹಾಕುವವನು ಇನ್ನೊಬ್ಬ. ದಡದಲ್ಲಿ ಊಟಕ್ಕಿಡುವ ಮನೆ ಬೇರೆ, ತಂಗುವ ಕೋಣೆ ಬೇರೆ, ಗುಡಿಯ ಕಥೆ ಹೇಳುವವನು ಬೇರೆ. ಒಬ್ಬನು ದರವಿಳಿಸಿ ಮಿತಿಮೀರಿ ಜನರನ್ನು ತುಂಬಿದರೆ, ಪಕ್ಕದವನೂ ತುಂಬಲೇಬೇಕಾಗುತ್ತದೆ. ಮುಳುಗುವುದು ಒಂದೇ ಹರಗೋಲಾದರೂ ನಿಂತುಹೋಗುವುದು ಎಲ್ಲರ ಅನ್ನ. ಆದ್ದರಿಂದ ಒಂದು ಹರಗೋಲಿಗೆ ಎಷ್ಟು ಜನ, ದರವೆಷ್ಟು, ಸರದಿ ಯಾರದು, ಜೀವರಕ್ಷಕ ಅಂಗಿಯ ಖರ್ಚು ಯಾರದು ಎಂಬುದನ್ನೆಲ್ಲ ಕೂಡಿ ಕುಳಿತೇ ಗೊತ್ತುಮಾಡಬೇಕು. ಮೇಲಿನ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನ ಯಾರೂ ಹೊಳೆಗಿಳಿಯಬಾರದು. ಆ ದಿನದ ಕೂಲಿಗೆ ಒಂದು ಸಾಮಾನ್ಯ ನಿಧಿಯಿಲ್ಲದಿದ್ದರೆ ಹಸಿದವನು ಇಳಿದೇ ಇಳಿಯುತ್ತಾನೆ. ಹರಿದ ಪ್ಲಾಸ್ಟಿಕ್ ಹಾಳೆ ಎಲ್ಲಿಗೆ ಹೋಗಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ.

ಆನೆಗೊಂದಿಯಲ್ಲಿ 1997ರಲ್ಲಿ ಹುಟ್ಟಿದ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ಅತಿಥಿಗೃಹಗಳಾಗಿಸಿ, ಊರ ಹೆಂಗಸರಿಗೆ ಬಾಳೆನಾರಿನ ಕೈಕೆಲಸ ಕಲಿಸಿತು. ಇದ್ದುದನ್ನೇ ಕೂಡಿಸಿ ಬಳಸುವ ದಾರಿ ಇದು.

ಹಂಪೆಯೆದುರಿನ ವಿರೂಪಾಪುರಗಡ್ಡಿಯ ದಾರಿಯೇ ಬೇರೆ. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು; ಅದರ ನಿರ್ವಹಣೆಗೆ 2002ರಲ್ಲಿ ಪ್ರಾಧಿಕಾರದ ಕಾಯಿದೆಯೂ ಬಂತು. ಗಡ್ಡಿಯಲ್ಲಿ ಮಾತ್ರ ಅವರವರ ಲೆಕ್ಕದಂತೆ ವಸತಿಗೃಹಗಳೆದ್ದವು. ಅವು ಕಾನೂನಿಗೆ ವಿರುದ್ಧವೆಂದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು, ಮಾರ್ಚಿಯಲ್ಲಿ ಕೆಡವಲಾಯಿತು. ತೀರ್ಪು ಸರಿಯೇ. ಆದರೆ ಆ ಅತಿಥಿಗಳನ್ನು ಹೊಳೆ ದಾಟಿಸುತ್ತಿದ್ದವನು ಒಂದು ಗೋಡೆಯನ್ನೂ ಕಟ್ಟಿರಲಿಲ್ಲ. ಅವನ ಗಿರಾಕಿಗಳೂ ಗೋಡೆಗಳೊಡನೆಯೇ ಹೋದರು. ಕೋಣೆ ಕಟ್ಟುವ ಮುನ್ನ ಅವನನ್ನು ಕೇಳಬೇಕೆಂದು ಯಾರಿಗೂ ತೋರಿದಂತಿಲ್ಲ.

ಮುಂದೆ ಎಲ್ಲಿಯಾದರೂ ಇಂಥ ಸಭೆ ಸೇರಿದರೆ ಅಂಬಿಗನೊಡನೆ ಬಿದಿರು ಹೆಣೆಯುವವನನ್ನೂ ಕರೆಯಬೇಕು. ತನ್ನ ಹೆಣಿಗೆ ಎಷ್ಟು ಭಾರ ತಡೆಯುವುದೆಂಬುದು ಅವನಿಗೆ ಗೊತ್ತು.